ಎರಡು ಚಕ್ರ, ಒಂದು ಜಠರ

ಕುಂದಾಪುರದ ಕಡಲದಂಡೆಯನ್ನು ಬಿಟ್ಟು ಪೂರ್ವಾಭಿಮುಖವಾಗಿ ಹೊರಟು, ವಂಡ್ಸೆಯ ಸೀಮೆಯನ್ನು ದಾಟಿ, ಅಡಿಕೆ ತೋಟದ ನೆರಳಿನಿಂದ ಗದ್ದೆಯ ಬಯಲಿಗೂ ಬಯಲಿನಿಂದ ಮತ್ತೆ ತೋಟದ ನೆರಳಿಗೂ ಏರಿಳಿಯುತ್ತ ಘಟ್ಟದ ತಪ್ಪಲನ್ನು ಸೇರುವ ಕೆರಾಡಿಯ ದಾರಿಗೆ ಸೈಕಲ್ಲು ಹೊಸ ಅತಿಥಿಯಲ್ಲ. ಹಿಂದಿನ ಕ್ಯಾರಿಯರಿಗೆ ಮೀನಿನ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದು, ರಬ್ಬರು ಗುಂಡಿನ ಹಾರ್ನನ್ನು ಒತ್ತುತ್ತ ಒಳನಾಡಿನ ಮನೆಮನೆಗೂ ಬರುತ್ತಿದ್ದ ಮೀನು ಮಾರುವವರು, ಯಾವ ಗ್ರಂಥವನ್ನೂ ಓದದೆ ಈ ಯಂತ್ರದ ಗುಣಾವಗುಣಗಳನ್ನೆಲ್ಲ ಮೊಣಕಾಲಿನಿಂದಲೇ ಅರಿತವರಾಗಿದ್ದರು. ಹೊಸತೆಂದರೆ, ಬಣ್ಣಬಣ್ಣದ ಶಿರಸ್ತ್ರಾಣ ಧರಿಸಿದ ಹತ್ತಿಪ್ಪತ್ತು ಮಂದಿ ಸಾಲುಗಟ್ಟಿ ಪೆಡಲು ತುಳಿಯುವುದು, ಅವರ ಗಂಟುಮೂಟೆಯನ್ನೆಲ್ಲ ಹೊತ್ತ ವ್ಯಾನೊಂದು ಅವರ ಬೆನ್ನಿಗೆ ಬರುವುದು. ಅಂಥದೊಂದು ನಾಲ್ಕು ದಿನಗಳ ಪ್ರವಾಸದಲ್ಲಿ ನಾನೂ ಒಬ್ಬನಾಗಿ ಏದುಸಿರು ಬಿಡುತ್ತ ಬಂದಾಗ, ಅಂಗಡಿಯ ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕರುಣೆಯಿಂದ ಕೇಳಿದ್ದು ಇನ್ನೂ ನೆನಪಿದೆ: "ಹ್ವಾಯ್, ಘಾಟಿ ಹತ್ತುಕೆ ಸೈಕಲ್ ಯಂತಕ್ಕೆ ಮಾರಾಯ್ರೆ, ಬಸ್ಸಿತ್ತಲೆ!"

ನಮ್ಮ ನಾಡಿನಲ್ಲಿ ಇಂಥ ಯಾತ್ರೆಗಳ ಪೈಕಿ ಹೆಸರಾದದ್ದು, ಬೆಂಗಳೂರಿನ ರೈಡ್ ಎ ಸೈಕಲ್ ಫೌಂಡೇಶನ್ 2008ರಲ್ಲಿ ಆರಂಭಿಸಿದ ಟೂರ್ ಆಫ್ ನೀಲಗಿರೀಸ್. ಮಸಿನಗುಡಿಯಿಂದ ಉದಕಮಂಡಲದ ಕಡೆಗೆ 36 ಕಡಿದಾದ ತಿರುವುಗಳಲ್ಲಿ ಏರುವ ಕಲ್ಹಟ್ಟಿ ಘಾಟಿಯ ಹೆಸರು ಹೇಳಿದರೆ ಸವಾರರ ಮುಖವು ಇಂದಿಗೂ ಸ್ವಲ್ಪ ಗಂಭೀರವಾಗುತ್ತದೆ. ದೊಡ್ಡದಿರಲಿ ಸಣ್ಣದಿರಲಿ, ಇಂಥ ಪ್ರಯಾಣಕ್ಕೆ ಹೊರಡುವವರ ಕೈಗೆ ವ್ಯವಸ್ಥಾಪಕರು ಮುಂಚಿತವಾಗಿ ಒಂದು ಸೂಚನಾಪತ್ರವನ್ನು ಕೊಡುವುದುಂಟು: ಹಿಂದೆ ದೊಡ್ಡ ಹಲ್ಲುಚಕ್ರವಿರಲಿ, ಹಸಿವಾಗುವ ಮೊದಲೇ ತಿನ್ನಿರಿ, ಮುಂದಿನವನ ಚಕ್ರದ ಪಕ್ಕಕ್ಕೆ ನಿಮ್ಮ ಚಕ್ರವನ್ನು ತರಬೇಡಿರಿ, ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೇ ಇರಬೇಡಿರಿ, ಇತ್ಯಾದಿ. ಮೊದಲ ಸಲ ಓದಿದಾಗ ಅದು ಶಾಲೆಯ ಹೆಡ್ಮಾಸ್ತರರ ಆಜ್ಞೆಗಳಂತೆ ತೋರಿ ನನಗೆ ರೇಗಿತ್ತು. ಆದರೆ ಅದರ ಒಂದೊಂದು ಸಾಲೂ ಈ ಯಂತ್ರದ ಮತ್ತು ಅದರ ಮೇಲೆ ಕುಳಿತ ಪ್ರಾಣಿಯ ರಚನೆಯಿಂದಲೇ ಹುಟ್ಟಿದ್ದೆಂಬುದು ದಾರಿಯಲ್ಲಿ ತಿಳಿಯುತ್ತ ಹೋಯಿತು.

ಸೈಕಲ್ಲೆಂಬ ಯಂತ್ರಕ್ಕೆ ಎಂಜಿನ್ನೆಂದರೆ ಸವಾರನೇ. ಆರೋಗ್ಯವಂತನಾದ ಸಾಧಾರಣ ಮನುಷ್ಯನು ಗಂಟೆಗಟ್ಟಲೆ ಬಿಡದೆ ತುಳಿಯಬಲ್ಲ ಶಕ್ತಿ 75ರಿಂದ 100 ವ್ಯಾಟ್. ಕೆಲವು ತಿಂಗಳು ಅಭ್ಯಾಸ ಮಾಡಿದವನು 150 ವ್ಯಾಟನ್ನು ಮುಟ್ಟಿಯಾನು. ಹಳೆಯ ಕಾಲದ ಒಂದೆರಡು ವಿದ್ಯುದ್ದೀಪಗಳನ್ನು ಉರಿಸುವಷ್ಟು ಮಾತ್ರವಾದ ಈ ಅಲ್ಪಶಕ್ತಿಯಿಂದ ಮನುಷ್ಯನು ದಿನಕ್ಕೆ ನೂರು ಕಿಲೋಮೀಟರು ಸಾಗುತ್ತಾನೆಂದರೆ ಅದು ಯಂತ್ರದ ಮಹಿಮೆ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಬಹುಮಟ್ಟಿಗೆ ಸಮಗಾತ್ರದ ಎರಡು ಚಕ್ರಗಳನ್ನಿಟ್ಟು ಹಿಂದಿನದನ್ನು ಚೈನಿನಿಂದ ತಿರುಗಿಸುವ ಮಾದರಿಯನ್ನು ರೂಢಿಗೆ ತಂದನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪನು ಮಗನ ಮೂರುಚಕ್ರದ ಗಾಡಿಯ ಕುಲುಕಾಟವನ್ನು ತಪ್ಪಿಸಲು ಗಾಳಿ ತುಂಬಿದ ಟೈರನ್ನು ಹೊಂದಿಸಿದನು. ಅಲ್ಲಿಂದೀಚೆಗೆ ಮೂಲರೂಪವು ಹೆಚ್ಚು ಬದಲಾಗಿಲ್ಲ. ಒಳ್ಳೆಯ ಎಣ್ಣೆ ಕಂಡ ಚೈನು ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಗಿಲಾದ ಭಾಗವನ್ನು ಚಕ್ರಕ್ಕೆ ಒಪ್ಪಿಸುತ್ತದೆ; ಅಷ್ಟು ಪ್ರಾಮಾಣಿಕನಾದ ಮಧ್ಯಸ್ಥನು ಮನುಷ್ಯರಲ್ಲಿ ದುರ್ಲಭ.

ಈಗ ಘಾಟಿಯ ಲೆಕ್ಕಕ್ಕೆ ಬರೋಣ. ಸವಾರ, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಂಡರೆ, ನೂರು ಮೀಟರು ಮುಂದೆ ಹೋಗುವಷ್ಟರಲ್ಲಿ ಏಳು ಮೀಟರು ಮೇಲೇರುವ ದಾರಿಯಲ್ಲಿ ಗುರುತ್ವಾಕರ್ಷಣವು ಆರು ಕಿಲೋಗಿಂತ ಸ್ವಲ್ಪ ಹೆಚ್ಚಿನ ಭಾರದಿಂದ ಅವನನ್ನು ಎಡೆಬಿಡದೆ ಹಿಂದಕ್ಕೆಳೆಯುತ್ತಿರುತ್ತದೆ. ನೂರೈವತ್ತು ವ್ಯಾಟಿನ ಎಂಜಿನ್ನು ಈ ಎಳೆತಕ್ಕೆದುರಾಗಿ ಗಂಟೆಗೆ ಎಂಟು ಕಿಲೋಮೀಟರಿನ ವೇಗವನ್ನಷ್ಟೇ ಸಾಧಿಸೀತು. ನಮ್ಮ ಹಳೆಯ ಕಪ್ಪು ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಐದು ಮೀಟರಿಗೂ ಹೆಚ್ಚು ಸಾಗುತ್ತದೆ; ಸಮತಟ್ಟಾದ ರಸ್ತೆಯಲ್ಲಿ ಬಹಳ ಸೊಗಸು. ಆದರೆ ಘಾಟಿಯ ಎಂಟು ಕಿಲೋಮೀಟರಿನ ವೇಗದಲ್ಲಿ ಅದರ ಪೆಡಲು ನಿಮಿಷಕ್ಕೆ ಇಪ್ಪತ್ತೈದು ಸುತ್ತಷ್ಟೇ ತಿರುಗಬೇಕಾಗಿ, ಪ್ರತಿಯೊಂದು ಸುತ್ತಿನಲ್ಲಿಯೂ ಸರಾಸರಿ ಮೂವತ್ತು ಕಿಲೋಗೂ ಮೀರಿದ ಒತ್ತಡವನ್ನು ಮೊಣಕಾಲು ಹೊರಬೇಕಾಗುತ್ತದೆ. ಮುಂದೆ 34, ಹಿಂದೆಯೂ 34 ಹಲ್ಲು ಇರುವ ಗೇರಿನಲ್ಲಾದರೋ ಪೆಡಲು ನಿಮಿಷಕ್ಕೆ ಅರುವತ್ತಕ್ಕಿಂತ ತುಸು ಹೆಚ್ಚು ಸುತ್ತು ತಿರುಗುತ್ತದೆ, ಒತ್ತಡವು ಹದಿಮೂರು ಹದಿನಾಲ್ಕು ಕಿಲೋಗೆ ಇಳಿಯುತ್ತದೆ. ಮಾಡಿದ ಕೆಲಸ ಎರಡರಲ್ಲಿಯೂ ಒಂದೇ. ಆದರೆ ಒಂದರಲ್ಲಿ ಅಕ್ಕಿಮೂಟೆಯನ್ನು ಒಂದೇ ಸಲಕ್ಕೆ ಅಟ್ಟಕ್ಕೇರಿಸಿದಂತೆ, ಇನ್ನೊಂದರಲ್ಲಿ ಸೇರು ಸೇರಾಗಿ ಸಾಗಿಸಿದಂತೆ. ಕೆರಾಡಿಯ ಒಳದಾರಿಗಳ ಸಣ್ಣ ಏರುಗಳಿಗೆ ಹಳೆಯ ಸೈಕಲ್ಲಾದರೂ ಸಾಕು, ಇಳಿದು ತಳ್ಳಿದರಾಯಿತು. ಆದರೆ ಮರುದಿನ ಕೊಲ್ಲೂರಿನಿಂದ ನಾಗೋಡಿಯ ಕಡೆಗೋ, ಮುಂದೊಂದು ದಿನ ಹದಿನಾಲ್ಕು ತಿರುವುಗಳ ಆಗುಂಬೆಗೋ ಏರಬೇಕಾದವನು ಗೇರಿನ ವಿಷಯದಲ್ಲಿ ಅಭಿಮಾನವನ್ನು ಮನೆಯಲ್ಲಿಯೇ ಬಿಟ್ಟು ಬರತಕ್ಕದ್ದು.

ಇನ್ನು ಎಂಜಿನ್ನಿಗೆ ಬೇಕಾದ ಇಂಧನ. ಐನೂರು ಮೀಟರು ಎತ್ತರಕ್ಕೆ ಮೇಲ್ಕಂಡ ಭಾರವನ್ನು ಏರಿಸುವ ಕೆಲಸವು ನೂರೈದು ಕ್ಯಾಲೊರಿಯಷ್ಟು ಮಾತ್ರ. ಒಂದು ಬಾಳೆಹಣ್ಣಿನಲ್ಲಿ ಅಷ್ಟಿದೆ. ಆದರೆ ಸ್ನಾಯುಗಳು ತಿಂದದ್ದರಲ್ಲಿ ನಾಲ್ಕನೆಯ ಒಂದು ಪಾಲನ್ನು ಮಾತ್ರ ಕೆಲಸವನ್ನಾಗಿ ಮಾಡಿ ಉಳಿದ ಮೂರು ಪಾಲನ್ನು ಉಷ್ಣವಾಗಿ ಚೆಲ್ಲುವುದರಿಂದ, ಬಾಳೆಹಣ್ಣು ನಾಲ್ಕು ಬೇಕು. ದಿನಕ್ಕೆ ಐದಾರು ಗಂಟೆ ತುಳಿದರೆ ಎರಡು ಸಾವಿರದಿಂದ ಮೂರು ಸಾವಿರ ಕ್ಯಾಲೊರಿಗಳ ಹೆಚ್ಚುವರಿ ವೆಚ್ಚವಾಗುತ್ತದೆ, ಅಂದರೆ ಸಾಧಾರಣ ದಿನದ ಊಟದ ಮೇಲೆ ಇನ್ನೊಂದು ದಿನದ ಊಟ. ದೇಹದಲ್ಲಿ ಕೊಬ್ಬಿನ ಸಂಚಯವು ಯಥೇಚ್ಛವಾಗಿದ್ದರೂ, ಏರಿನಲ್ಲಿ ಬೇಕಾಗುವ ಶೀಘ್ರದ ಇಂಧನವಾದ ಗ್ಲೈಕೋಜನ್ ಯಕೃತ್ತು ಸ್ನಾಯುಗಳೆರಡರಲ್ಲಿಯೂ ಸೇರಿ ಅರ್ಧ ಕಿಲೋದಷ್ಟು ಮಾತ್ರ. ಅದು ಬರಿದಾದಾಗ ಸವಾರನು ದಣಿಯುವುದಿಲ್ಲ, ಎಣ್ಣೆ ತೀರಿದ ದೀಪದಂತೆ ಇದ್ದಕ್ಕಿದ್ದಂತೆ ಆರುತ್ತಾನೆ. ಆಮೇಲೆ ಎಷ್ಟು ತಿಂದರೂ ಕರುಳು ಒಂದು ಗಂಟೆಯಲ್ಲಿ ಹೀರಿಕೊಡುವ ಗ್ಲೂಕೋಸು ಸುಮಾರು 60 ಗ್ರಾಮು ಮಾತ್ರ. ಹಸಿವಿಗಿಂತ ಮೊದಲೇ ತಿನ್ನಿರೆಂಬ ಆಜ್ಞೆಯ ಗುಟ್ಟು ಇದು. ವ್ಯಾನಿನಲ್ಲಿ ಬರುವ ಹೊಳೆಯುವ ಕಾಗದದ ಮಿಠಾಯಿಗಳನ್ನು ನಾನು ನಿಂದಿಸುವುದಿಲ್ಲ. ಆದರೆ ಬೆಳಗ್ಗೆ ಕುಚ್ಚಲಕ್ಕಿಯ ಗಂಜಿಯನ್ನೂ ಮಾವಿನ ಮಿಡಿಯ ಉಪ್ಪಿನಕಾಯಿಯನ್ನೂ ಹೊಟ್ಟೆತುಂಬ ಉಂಡು ಹೊರಟ ದಿನದಂಥ ದಿನವನ್ನು ಅವು ನನಗೆ ಕೊಟ್ಟಿಲ್ಲ.

ಉಪ್ಪಿನಕಾಯಿಯ ಮಾತನ್ನು ರುಚಿಗಾಗಿ ಮಾತ್ರ ಹೇಳಿದ್ದಲ್ಲ. ಏರು ತುಳಿಯುವ ದೇಹವು ಹೊರಗೆ ಚೆಲ್ಲಬೇಕಾದ ಉಷ್ಣವು ಐನೂರು ವ್ಯಾಟಿನಷ್ಟಿದ್ದು, ಅದನ್ನೆಲ್ಲ ಬೆವರಿನ ಬಾಷ್ಪೀಭವನದಿಂದಲೇ ಕಳೆಯಬೇಕಾದರೆ ಗಂಟೆಗೆ ಮುಕ್ಕಾಲು ಲೀಟರು ಬೆವರು ಆವಿಯಾಗಬೇಕು. ಆದರೆ ನಮ್ಮ ಕರಾವಳಿಯ ಗಾಳಿಯೇ ತೇವದಿಂದ ತುಂಬಿರುವುದರಿಂದ, ಬೆವರಿನ ಬಹುಭಾಗವು ಆವಿಯಾಗದೆ ಮೊಣಕೈಯಿಂದ ತೊಟ್ಟಿಕ್ಕಿ ಮಣ್ಣುಪಾಲಾಗುತ್ತದೆ. ತೊಟ್ಟಿಕ್ಕಿದ ಬೆವರು ದೇಹವನ್ನು ತಂಪು ಮಾಡದು, ಉಪ್ಪನ್ನು ಮಾತ್ರ ಒಯ್ಯುತ್ತದೆ. ಬಯಲುಸೀಮೆಯಿಂದ ಬಂದ ಬಲಶಾಲಿಗಳು ಇಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಮಂಕಾಗುವುದು ಇದೇ ಕಾರಣದಿಂದ. ಬೊಂಡದ ನೀರು, ಅಂದರೆ ಎಳನೀರು, ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಆದುದರಿಂದ ಬೊಂಡ ಕುಡಿದವನು ಉಪ್ಪು ಹಾಕಿದ ಮಜ್ಜಿಗೆಯನ್ನೂ ಕುಡಿಯಲಿ. ಬರಿಯ ನೀರನ್ನು ಮಿತಿಮೀರಿ ಕುಡಿಯುವುದೂ ಅಪಾಯವೇ, ರಕ್ತದ ಲವಣಾಂಶವು ತೆಳುವಾಗಿ ತಲೆ ತಿರುಗೀತು.

ಸೈಕಲ್ಲು ಬೀಳದೆ ನಿಲ್ಲುವುದೇಕೆಂಬ ಪ್ರಶ್ನೆಗೆ ಚಕ್ರಗಳ ಪರಿಭ್ರಮಣವೇ ಕಾರಣವೆಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಅದು ಪೂರ್ಣಸತ್ಯವಲ್ಲ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ, ಎದುರುದಿಕ್ಕಿಗೆ ತಿರುಗುವ ಇನ್ನೊಂದು ಚಕ್ರವನ್ನು ಮುಂದೆ ಜೋಡಿಸಿ ಪರಿಭ್ರಮಣದ ಪರಿಣಾಮವನ್ನು ಅಳಿಸಿಹಾಕಿದರೂ, ಆ ಸೈಕಲ್ಲನ್ನು ಹತ್ತಿ ಸವಾರಿ ಮಾಡುವುದಕ್ಕೆ ಅಡ್ಡಿಯಾಗಲಿಲ್ಲವೆಂದು ತೋರಿಸಿದನು. ಮುಖ್ಯವಾದದ್ದೆಂದರೆ, ಸೈಕಲ್ಲು ಯಾವ ಕಡೆಗೆ ಬೀಳುತ್ತದೆಯೋ ಆ ಕಡೆಗೇ ಮುಂಚಕ್ರವು ತಿರುಗಿ, ವಾಲುತ್ತಿರುವ ಭಾರದ ಕೆಳಕ್ಕೆ ಚಕ್ರಗಳನ್ನು ಮತ್ತೆ ತಂದು ನಿಲ್ಲಿಸುವುದು. ಕೋಲನ್ನು ಅಂಗೈಯ ಮೇಲೆ ನಿಲ್ಲಿಸಿ ಆಡುವ ಹುಡುಗನು ಕೈಯನ್ನು ಸರಿಸುತ್ತಿರುವಂತೆ. ಈ ತತ್ತ್ವವು ಸಾಲಿನಲ್ಲಿ ಸಾಗುವವನಿಗೆ ಪ್ರಾಣರಕ್ಷಕವಾದದ್ದು. ವೇಗವನ್ನು ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಏರಿಸಿದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಬಹುಮಟ್ಟಿಗೆ ಇಮ್ಮಡಿಯಾಗುವುದರಿಂದಲೂ, ಇನ್ನೊಬ್ಬನ ಬೆನ್ನಿಗೆ ಅಂಟಿ ಬಂದರೆ ಆ ಶ್ರಮದಲ್ಲಿ ಗಣನೀಯ ಭಾಗವು ಉಳಿಯುವುದರಿಂದಲೂ, ಒಂದು ಪಕ್ಕಕ್ಕೆ ಕಡಲು ಇನ್ನೊಂದು ಪಕ್ಕಕ್ಕೆ ಸೌಪರ್ಣಿಕೆ ಇರುವ ಮರವಂತೆಯ ಹೆದ್ದಾರಿಯಲ್ಲಿ ಎಲ್ಲರೂ ಒಬ್ಬರ ಹಿಂದೊಬ್ಬರು ಹತ್ತಿಕೊಂಡು ಸಾಗಲು ಆಸೆಪಡುತ್ತಾರೆ. ಆದರೆ ಹಿಂದಿನವನ ಮುಂಚಕ್ರವು ಮುಂದಿನವನ ಹಿಂಚಕ್ರದ ಪಕ್ಕಕ್ಕೆ ಬಂದು ತಾಗಿದರೆ, ಅವನು ವಾಲಿದ ಕಡೆಗೆ ಹ್ಯಾಂಡಲ್ಲನ್ನು ತಿರುಗಿಸಲಾರನು, ತಿರುಗಿಸಲಾರದವನು ಬೀಳಲೇಬೇಕು. ಮುಂದಿನವನಿಗೆ ಏನೂ ಆಗುವುದಿಲ್ಲ, ಹಿಂತಿರುಗಿ ನೋಡಿ ಅಯ್ಯೋ ಎನ್ನುತ್ತಾನೆ. ಘಾಟಿಯಲ್ಲಿ ಗಾಳಿಯ ತಡೆ ನಗಣ್ಯವಾದ್ದರಿಂದ ಯಾರ ಬೆನ್ನು ಹಿಡಿದೂ ಪ್ರಯೋಜನವಿಲ್ಲ, ಅವರವರ ಉಸಿರಿನ ಪ್ರಕಾರ ಏರುವುದೇ ಲೇಸು. ಹಿಂದುಳಿದವನನ್ನು ಎತ್ತಿಕೊಳ್ಳುವುದಕ್ಕಾಗಿಯೇ ವ್ಯಾನು ಕೊನೆಯಲ್ಲಿ ಬರುತ್ತದೆ. ಅದನ್ನು ಹತ್ತುವುದು ಅವಮಾನವೆಂದು ಭಾವಿಸಿ ಇಡೀ ತಂಡವನ್ನು ಕತ್ತಲೆಯವರೆಗೆ ಕಾಯಿಸಿದವರನ್ನು ನಾನು ಕಂಡಿದ್ದೇನೆ.

ಏರಿದ್ದೆಲ್ಲವೂ ಇಳಿಯಬೇಕಷ್ಟೆ. ಐನೂರು ಮೀಟರು ಏರುವಾಗ ಬೆವರು ಸುರಿಸಿ ಸಂಪಾದಿಸಿದ ಶಕ್ತಿಯೆಲ್ಲ ಇಳಿಯುವಾಗ ಉಷ್ಣವಾಗಿ ಹೊರಬೀಳಲೇಬೇಕು. ಅದು ಒಂದೂವರೆ ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಿದೆ. ವೇಗವಾಗಿ ಇಳಿದರೆ ಅದರ ಹೆಚ್ಚಿನ ಪಾಲನ್ನು ಗಾಳಿ ನುಂಗುತ್ತದೆ, ಹೆದರಿ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ರಿಮ್ಮು ನುಂಗಬೇಕು. ನಾನು ಎರಡನೆಯ ಬಗೆಯವನು. ಏಳೆಂಟು ತಿರುವು ಇಳಿದಿದ್ದೆನೋ ಇಲ್ಲವೋ, ಕಾದ ರಿಮ್ಮಿನೊಳಗಿನ ಟ್ಯೂಬು ಗರ್ನಾಲಿನ ಸದ್ದು ಮಾಡಿ ಒಡೆಯಿತು. ಹಿಂಚಕ್ರದ್ದಾದ ಕಾರಣ ಬರೆಯಲು ಕೈಗಳು ಉಳಿದಿವೆ. ಅಂದಿನಿಂದ, ತಿರುವಿಗೆ ಮೊದಲೇ ನೇರದಾರಿಯಲ್ಲಿ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಸ್ವಲ್ಪ ಹೊತ್ತು ಹಿಡಿದು, ತಿರುವಿನಲ್ಲಿ ಬಿಟ್ಟು, ರಿಮ್ಮಿಗೆ ಆರಲು ಅವಕಾಶ ಕೊಡುತ್ತೇನೆ. ಚಕ್ರದ ನಡುವೆ ಪ್ರತ್ಯೇಕ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿನಲ್ಲಿ ಈ ಉಷ್ಣವು ಟ್ಯೂಬಿನಿಂದ ದೂರವಿರುವುದೇ ಅದರ ದೊಡ್ಡ ಗುಣ. ಒದ್ದೆಯಾದ ರಿಮ್ಮಿನಲ್ಲಿ ಮೊದಲ ಸುತ್ತು ನೀರನ್ನು ಒರಸುವುದಕ್ಕೇ ವ್ಯಯವಾಗುವುದರಿಂದ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಆಗುಂಬೆಯನ್ನು ಆಷಾಢದಲ್ಲಿ ಇಳಿಯುವ ಸಾಹಸ ಬೇಡ. ನವೆಂಬರಿನಿಂದ ಜನವರಿಯವರೆಗಿನ ಕಾಲವೇ ಪ್ರಶಸ್ತ.

ಸಾಮಾನಿನ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಮೆತ್ತೆಯಿಟ್ಟ ಚಡ್ಡಿ ಎರಡು, ಅವುಗಳೊಳಗೆ ಒಳಉಡುಪು ಬೇಡ, ಹೊಲಿಗೆಯ ಉಜ್ಜುವಿಕೆಯೇ ಮೂರನೆಯ ದಿನದ ಹುಣ್ಣಿಗೆ ಮೂಲ; ಟ್ಯೂಬು ಎರಡು, ಪಂಪು, ಟೈರು ಎಬ್ಬುವ ಸನ್ನೆಗಳು; ಹಿಂದೆ ಕೆಂಪು ದೀಪ; ಉಳಿದದ್ದೆಲ್ಲ ಹೆಸರು ಬರೆದ ಒಂದೇ ಚೀಲದಲ್ಲಿ ವ್ಯಾನಿಗೆ. ಹೊಸ ಸೀಟನ್ನು ಹೊರಡುವ ಹಿಂದಿನ ದಿನ ಕೊಳ್ಳಬಾರದು.

ಕೆರಾಡಿಯಲ್ಲಿ ತಂಗಿದ ಸಂಜೆ, ನೀರು ನಿಂತ ಗುಹೆಯೊಳಗೆ ನೆಲೆಸಿರುವ ಮೂಡುಗಲ್ಲಿನ ಕೇಶವನಾಥೇಶ್ವರನನ್ನು ನೋಡಲು ಉಳಿದವರು ಹೋದಾಗ, ನಮ್ಮ ಮೆಕ್ಯಾನಿಕ್ಕು ಮಾತ್ರ ಅಂಗಳದಲ್ಲಿ ಸೈಕಲ್ಲುಗಳನ್ನು ತಲೆಕೆಳಗು ನಿಲ್ಲಿಸಿ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತ ಕುಳಿತಿದ್ದನು. ಸೈಕಲ್ಲಿನ ಕಡ್ಡಿಯು ಗಾಡಿಚಕ್ರದ ಅರೆಯಂತೆ ಭಾರವನ್ನು ಹೊರುವ ಕಂಬವಲ್ಲ, ಬಿಗಿದ ತಂತಿ; ಚಕ್ರ ಒಂದು ಸುತ್ತು ಬಂದಾಗ ಪ್ರತಿಯೊಂದು ಕಡ್ಡಿಯೂ ನೆಲದ ಕಡೆಗೆ ಬಂದ ಕ್ಷಣದಲ್ಲಿ ತುಸು ಸಡಿಲಿ ಮತ್ತೆ ಬಿಗಿಯುತ್ತದೆ. ನೂರು ಕಿಲೋಮೀಟರಿಗೆ ನಲವತ್ತೇಳು ಸಾವಿರ ಸಲಕ್ಕೂ ಮಿಕ್ಕಿ ಹೀಗೆ ಸಡಿಲಿ ಬಿಗಿದ ಲೋಹವು ಒಂದು ದಿನ ಇದ್ದಕ್ಕಿದ್ದಂತೆ ಮುರಿಯುತ್ತದೆ, ಅದೂ ಹೆಚ್ಚಾಗಿ ಭಾರ ಹೆಚ್ಚಿರುವ ಹಿಂಚಕ್ರದಲ್ಲಿ. ಯಕ್ಷಗಾನದ ಚೌಕಿಯಲ್ಲಿ ಮದ್ದಳೆಗಾರನು ಶ್ರುತಿ ಕೂಡಿಸುವಾಗ ಇರುವಂಥ ಏಕಾಗ್ರತೆಯಿಂದ ಅವನು ಮೀಟುತ್ತ ಬಂದು, ನನ್ನ ಸೈಕಲ್ಲಿನ ಹಿಂಚಕ್ರದ ಒಂದು ಕಡ್ಡಿಯ ಬಳಿ ನಿಂತನು. ಅದರ ಸ್ವರ ಸತ್ತಿತ್ತು. ಸಣ್ಣ ಕೀಲಿಯಿಂದ ಕಾಲು ಸುತ್ತು ತಿರುಗಿಸಿ ಮತ್ತೆ ಮೀಟಿ ಕಿವಿಗೊಟ್ಟು, ಇನ್ನೂ ಸಮಾಧಾನವಾಗದೆ ಟಾರ್ಚು ಹಿಡಿಯಲು ನನ್ನನ್ನು ಕರೆದನು.