ಬೇಲಿಯೇ ಹೊಲ ಮೇಯ್ದಾಗ

ಮೂರು ವರ್ಷಗಳ ಹಿಂದಿನ ಮಾತು. ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿರುವ ನನ್ನ ಅಣ್ಣನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಖಚಿತವಾಯಿತು. ರಾತ್ರಿ ನಾಲ್ಕು ಸಲ ಏಳಬೇಕಾಗಿ ಬರುತ್ತಿದ್ದುದನ್ನು ಆತ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದ. ಸೊಂಟದ ನೋವನ್ನು ಹಳೆಯ ಸ್ಕೂಟರಿನ ಲೆಕ್ಕಕ್ಕೆ. ತಪಾಸಣೆಯ ಹೊತ್ತಿಗೆ ರೋಗ ಬೆನ್ನುಮೂಳೆಯನ್ನು ತಲುಪಿತ್ತು. ಸುದ್ದಿ ಹಬ್ಬಿದ ವಾರದೊಳಗೆ ಬಂಧುಗಳು ತಂದಿತ್ತ ಪುಡಿ, ಗುಳಿಗೆ, ಕಷಾಯಗಳಿಂದ ಊಟದ ಮೇಜು ತುಂಬಿತು. ಎಲ್ಲದರ ಮೇಲೂ ಒಂದೇ ಮಾತು: ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’. ಅಣ್ಣ ಅವುಗಳನ್ನು ತೋರಿಸುತ್ತ ಕೇಳಿದ: “ನೀನು ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಹೇಳಿದವನು. ಹೊರಗಿನ ಕ್ರಿಮಿಯನ್ನು ಹಿಡಿದು ಕೊಲ್ಲುವ ಬಿಳಿ ರಕ್ತಕಣಗಳಿಗೆ ಮನೆಯೊಳಗೇ ಬೆಳೆದ ಈ ಗಡ್ಡೆ ಏಕೆ ಕಾಣಲಿಲ್ಲ? ಇದನ್ನೆಲ್ಲ ಕುಡಿದರೆ ಅವಕ್ಕೆ ಕಣ್ಣು ಬರುತ್ತದೆಯೇ?”

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದು ನೆಮ್ಮದಿ ಕೊಡುವಂಥದಲ್ಲ. ಆ ಕಣಗಳಿಗೆ ಗಡ್ಡೆ ಕಾಣಲಿಲ್ಲವೆಂದಲ್ಲ. ಅವುಗಳಲ್ಲಿ ಕೆಲವು ಗಡ್ಡೆಯೊಳಕ್ಕೆ ಹೋಗಿ ಅದರ ಪಕ್ಷವನ್ನೇ ವಹಿಸಿರುತ್ತವೆ.

ಕ್ಯಾನ್ಸರಿಗೂ ಬಿಳಿ ರಕ್ತಕಣಗಳಿಗೂ ನಂಟಿದೆ ಎಂಬುದು ಹೊಸ ಸಂಗತಿಯೇನಲ್ಲ. ಗಡ್ಡೆಗಳ ಒಳಗೆ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಕೊ 1863ರಲ್ಲಿಯೇ ಗುರುತಿಸಿದ್ದ. 1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿ ಜ್ವರ ಬರಿಸಿ ಗಡ್ಡೆ ಕರಗಿಸಲು ಯತ್ನಿಸಿದ. ನಮ್ಮ ತೋಳಿನ ಮೇಲೆ ಕಲೆ ಉಳಿಸಿಹೋದ ಬಿಸಿಜಿ ಲಸಿಕೆಯನ್ನು ಮೂತ್ರಕೋಶದೊಳಕ್ಕೇ ಹಾಯಿಸಿ, ಅಲ್ಲಿನ ಆರಂಭಿಕ ಹಂತದ ಕ್ಯಾನ್ಸರನ್ನು ಹತೋಟಿಗೆ ತರಬಹುದೆಂದು ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ತೋರಿಸಿದರು. ಆ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ.

ವಿಚಿತ್ರವೆಂದರೆ, ಮೂತ್ರಕೋಶದ ಕೆಳಗೇ ನೆಲ್ಲಿಕಾಯಿಯಷ್ಟು ಗಾತ್ರದಲ್ಲಿ ಕುಳಿತಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಇಂಥ ಉಪಾಯಗಳು ಹೆಚ್ಚಾಗಿ ಸೋತಿವೆ. ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲವು ಮುಖ್ಯವಾಗಿ ಟಿ-ಕೋಶಗಳು. ಅವುಗಳಿಗೆ ಬಿದ್ದಿರುವ ಕಡಿವಾಣವನ್ನು ಬಿಡಿಸುವ ವಿಧಾನವನ್ನು ಕಂಡುಕೊಂಡ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂತು. ಚರ್ಮದ ಮೆಲನೋಮ, ಶ್ವಾಸಕೋಶದ ಕ್ಯಾನ್ಸರುಗಳ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಅದೇ ಔಷಧಗಳು ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ನಿರಾಸೆ ತಂದವು. ಒಂದು ಪ್ರಯೋಗದಲ್ಲಿ ನೂರು ರೋಗಿಗಳಲ್ಲಿ ಹೆಚ್ಚೆಂದರೆ ಐವರ ಗಡ್ಡೆ ಕುಗ್ಗಿತು. ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿರುವ, ನೂರಕ್ಕೆ ಮೂರರಷ್ಟಿರುವ ರೋಗಿಗಳಲ್ಲಿ ಮಾತ್ರ ಅವು ಚೆನ್ನಾಗಿ ಕೆಲಸ ಮಾಡುವ ಸಂಭವ ಹೆಚ್ಚು.

ಇದಕ್ಕೆ ಎರಡು ಕಾರಣಗಳನ್ನು ಕೊಡುತ್ತಾರೆ. ಮೊದಲನೆಯದಾಗಿ, ಪ್ರಾಸ್ಟೇಟ್ ಗಡ್ಡೆಯ ಕೋಶಗಳಲ್ಲಿ ವಂಶವಾಹಿ ದೋಷಗಳು ಕಡಿಮೆ. ಹೀಗಾಗಿ ಅವು ಟಿ-ಕೋಶಗಳಿಗೆ ಪರಕೀಯವೆಂದು ತೋರುವುದೇ ಅಪರೂಪ. ಎರಡನೆಯ ಕಾರಣವೇ ಹೆಚ್ಚು ಕುತೂಹಲಕರ. ಗಡ್ಡೆಯೊಳಗೆ ಟಿ-ಕೋಶಗಳು ವಿರಳವಾಗಿದ್ದರೂ ಅಸ್ಥಿಮಜ್ಜೆಯಿಂದ ಬಂದ ಬೇರೆ ಜಾತಿಯ ಬಿಳಿ ರಕ್ತಕಣಗಳು ಠಿಕಾಣಿ ಹೂಡಿರುತ್ತವೆ. ಗಾಯವಾದಾಗ ಉರಿಯೂತವನ್ನು ತಣಿಸಿ, ಹೊಸ ರಕ್ತನಾಳ ಬೆಳೆಸಿ, ಹರಿದ ಅಂಗಾಂಶವನ್ನು ಕೂಡಿಸಲು ನೆರವಾಗುವುದು ಇಂಥ ಕಣಗಳ ಸಹಜ ಧರ್ಮ. ಗಡ್ಡೆಯನ್ನೂ ವಾಸಿಯಾಗದ ಗಾಯವೆಂದೇ ಭಾವಿಸಿ ಅವು ಉಪಚಾರಕ್ಕೆ ತೊಡಗುತ್ತವೆ; ಕೊಲ್ಲಲು ಬಂದ ಟಿ-ಕೋಶಗಳನ್ನು ತಡೆಯುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಇವುಗಳ ಉಪದ್ರವ ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನಿನ ಬಲದಿಂದ ಬೆಳೆಯುತ್ತದೆಂದು ಷಿಕಾಗೊದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಹಾರ್ಮೋನನ್ನು ತಡೆಯುವುದು ಇಂದಿಗೂ ಹರಡಿದ ರೋಗದ ಚಿಕಿತ್ಸೆಯ ಅಡಿಪಾಯ. ಆದರೆ ಕೆಲಕಾಲದ ನಂತರ ಗಡ್ಡೆ ಹಾರ್ಮೋನಿಲ್ಲದೆಯೂ ಬೆಳೆಯಲು ಕಲಿಯುತ್ತದೆ. ಈ ಕಲಿಕೆಯಲ್ಲಿ ಬಿಳಿ ರಕ್ತಕಣಗಳ ಕೈವಾಡವಿದೆಯೆಂದು ಸ್ವಿಟ್ಜರ್ಲೆಂಡಿನ ಆಂಡ್ರಿಯಾ ಅಲಿಮೊಂಟಿ ಅವರ ತಂಡ 2018ರಲ್ಲಿ ವರದಿ ಮಾಡಿತು. ಇಲಿಗಳಲ್ಲಿಯೂ ರೋಗಿಗಳ ಮಾದರಿಗಳಲ್ಲಿಯೂ ಕಂಡಂತೆ, ಈ ಕಣಗಳು ಇಂಟರ್‌ಲ್ಯೂಕಿನ್-23 ಎಂಬ ಸಂದೇಶವಾಹಕ ಪ್ರೋಟೀನನ್ನು ಸ್ರವಿಸಿ, ಹಾರ್ಮೋನಿನ ಕೊರತೆಯಲ್ಲೂ ಕ್ಯಾನ್ಸರ್ ಕೋಶಗಳನ್ನು ಬದುಕಿಸುತ್ತವೆ.

ಹಾಗಾದರೆ ಈ ಕಣಗಳು ಗಡ್ಡೆಗೆ ಬರುವ ದಾರಿಯನ್ನೇ ಮುಚ್ಚಿದರೆ? ಅಲಿಮೊಂಟಿ ಮತ್ತು ಲಂಡನ್ನಿನ ಜೋಹಾನ್ ಡಿ ಬೋನೊ ಅವರ ತಂಡಗಳು ಅದನ್ನೇ ಮಾಡಿ ನೋಡಿದವು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ರೋಗಿಗಳಿಗೆ ಹಾರ್ಮೋನ್ ತಡೆಯುವ ಔಷಧದ ಜೊತೆಗೆ ಈ ಕಣಗಳ ವಲಸೆಯನ್ನು ತಡೆಯುವ ಔಷಧವನ್ನೂ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 21 ಮಂದಿಯಲ್ಲಿ ಐವರಿಗೆ ಗುಣ ಕಂಡಿತು. ಪ್ರಯೋಗ ಚಿಕ್ಕದು, ಅದನ್ನು ಚಿಕಿತ್ಸೆಯೆಂದು ಕರೆಯುವಂತಿಲ್ಲ. ಆದರೂ ಬಾಗಿಲು ಯಾವ ಗೋಡೆಯಲ್ಲಿದೆ ಎಂಬುದು ಗೊತ್ತಾದಂತಾಯಿತು.

ಪ್ರಾಸ್ಟೇಟ್ ಕ್ಯಾನ್ಸರಿಗೆ ರೋಗಿಯ ಸ್ವಂತ ಬಿಳಿ ರಕ್ತಕಣಗಳಿಂದಲೇ ತಯಾರಾದ ಲಸಿಕೆಯೊಂದಕ್ಕೆ ಅಮೆರಿಕ 2010ರಲ್ಲಿ ಅನುಮತಿ ನೀಡಿತು. ಕಣಗಳನ್ನು ಹೊರತೆಗೆದು, ಗಡ್ಡೆಯ ಗುರುತನ್ನು ಪರಿಚಯಿಸಿ, ಮರಳಿ ದೇಹಕ್ಕೆ ಸೇರಿಸುವ ವಿಧಾನವದು. 512 ಮಂದಿಯ ಮೇಲಿನ ಪ್ರಯೋಗದಲ್ಲಿ ಆಯುಸ್ಸು ಸುಮಾರು ನಾಲ್ಕು ತಿಂಗಳು ಹೆಚ್ಚಿತು. ಆಗಿನ ಬೆಲೆ 93,000 ಡಾಲರ್. 2014ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಬೆಲೆಯ ಪ್ರಶ್ನೆ ನಮಗಂತೂ ಬಹಳ ದೊಡ್ಡದು. ಮುಂಬೈನ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ, ತಿದ್ದಿದ ಟಿ-ಕೋಶಗಳ ಚಿಕಿತ್ಸೆಗೆ ಕೆಲವು ರಕ್ತದ ಕ್ಯಾನ್ಸರುಗಳಿಗಾಗಿ 2023ರಲ್ಲಿ ನಮ್ಮಲ್ಲಿ ಅನುಮತಿ ದೊರೆತಿರುವುದು ಈ ದೃಷ್ಟಿಯಿಂದ ಆಶಾದಾಯಕ. ಪ್ರಾಸ್ಟೇಟಿನಂಥ ಗಟ್ಟಿ ಗಡ್ಡೆಗಳಲ್ಲಿ ಅದಿನ್ನೂ ಸಂಶೋಧನೆಯ ಮಾತು.

ಈಗ ಅಣ್ಣನ ಮೇಜಿಗೆ ಮರಳೋಣ. ರೋಗನಿರೋಧಕ ಶಕ್ತಿ ಎಂಬುದು ರೇಡಿಯೋದ ಗುಂಡಿಯಂತೆ ತಿರುಗಿಸಿ ಏರಿಸಬಹುದಾದ ವಸ್ತುವಲ್ಲ. ಅದು ಪರಸ್ಪರ ವಿರುದ್ಧ ಕೆಲಸ ಮಾಡುವ ಹತ್ತಾರು ಬಗೆಯ ಕೋಶಗಳ ಸಂಸಾರ. ಅದನ್ನು ‘ಹೆಚ್ಚಿಸುತ್ತೇವೆ’ ಎನ್ನುವವರನ್ನು ಯಾವ ಕೋಶವನ್ನು ಎಂದು ಕೇಳಬೇಕು. ಕ್ಯಾನ್ಸರ್ ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ‘ರೋಗನಿರೋಧಕ’ ಎಂಬ ಪದ ಆ ಬೇಲಿಯಲ್ಲಿನ ಕಂಡಿಯಾಗಿದೆ. ಆಳುವವರು ಅದನ್ನು ಮುಚ್ಚಬೇಕು.

ಅಣ್ಣ ಪುಡಿಗಳನ್ನು ಬದಿಗಿಟ್ಟು ಹಾರ್ಮೋನ್ ಚಿಕಿತ್ಸೆ ಪಡೆದ. ಎರಡು ವರ್ಷ ನೆಮ್ಮದಿಯಿಂದಿದ್ದ. ಮೊಮ್ಮಗಳ ಮದುವೆಯಲ್ಲಿ ಓಡಾಡಿದ. ಕಳೆದ ಕೆಲವು ತಿಂಗಳುಗಳಿಂದ ಪಿಎಸ್‌ಎ ಮತ್ತೆ ಏರುತ್ತಿದೆ. ವೈದ್ಯರು ಎರಡನೆಯ ಸುತ್ತಿನ ಔಷಧ ಆರಂಭಿಸಿದ್ದಾರೆ. ಬಿಳಿ ರಕ್ತಕಣಗಳ ಕತೆಯನ್ನು ವಿವರಿಸಿದಾಗ ಆತ ಮೌನವಾಗಿ ಕೇಳಿ, “ಅವುಗಳದ್ದೇನು ತಪ್ಪು? ಗಾಯವೆಂದು ತಿಳಿದು ಬಂದಿವೆ. ಮೊದಲೇ ತೋರಿಸದೆ ಕೂತವನು ನಾನು” ಎಂದ.

ಆ ಮಾತು ಅಣ್ಣನೊಬ್ಬನದಲ್ಲ. ಅರುವತ್ತರ ಆಸುಪಾಸಿನ ಗಂಡಸರು ಮೂತ್ರದ ತೊಂದರೆಯನ್ನು ಹೆಂಡತಿಗೂ ಹೇಳದ ಸಂಕೋಚ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಇನ್ನೂ ಇದೆ. ಅಂಥ ತೊಂದರೆಗೆ ಬಹುಮಟ್ಟಿಗೆ ಕಾರಣ ಕ್ಯಾನ್ಸರಲ್ಲ, ವಯೋಸಹಜವಾಗಿ ಗ್ರಂಥಿ ಊದಿಕೊಳ್ಳುವುದು. ಆದರೆ ಯಾವುದು ಏನೆಂದು ಹೇಳಬೇಕಾದವರು ವೈದ್ಯರೇ ಹೊರತು ನಾವಲ್ಲ. ವಿಜ್ಞಾನ ಬಿಳಿ ರಕ್ತಕಣಗಳ ಮನಸ್ಸು ತಿರುಗಿಸುವ ದಾರಿಯನ್ನು ಹುಡುಕುತ್ತಿದೆ. ಅದಕ್ಕೆ ಇನ್ನೂ ಸಮಯ ಬೇಕು. ವೈದ್ಯರ ಬಾಗಿಲಿಗೆ ಹೋಗಲು ಬೇಕಾದುದು ಒಂದು ಬೆಳಗಿನ ಹೊತ್ತು, ಅಷ್ಟೆ.