ಡಿಕ್ಕಿ ತುಂಬಿಸುವ ಮುನ್ನ ಟೈರಿನ ಜಾತಕ ನೋಡಿ

ಹಬ್ಬಕ್ಕೆ ಊರಿಗೆ ಹೊರಟಿದ್ದೀರಿ. ಗ್ಯಾಸ್ ಆಫ್ ಮಾಡಿದ್ದಾಯ್ತು, ಹಾಲಿನವನಿಗೆ ಹೇಳಿದ್ದಾಯ್ತು, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಕೀಲಿ ಕೊಟ್ಟಿದ್ದೂ ಆಯ್ತು. ಚಕ್ಕುಲಿ ಡಬ್ಬ, ಮಕ್ಕಳ ಬ್ಯಾಗು, ಅತ್ತೆಯ ಮಾತ್ರೆ, ವಾಂತಿ ಬಂದರೆ ಇರಲಿ ಅಂತ ನಿಂಬೆಹಣ್ಣು... ಒಂದನ್ನೂ ಮರೆತಿಲ್ಲ. ಆದರೆ ಇಷ್ಟನ್ನೂ ಹೊತ್ತು ಓಡಬೇಕಾದ ಆ ನಾಲ್ಕು ಟೈರ್‌ಗಳನ್ನು ನೋಡಿದಿರಾ?

‘ಅಯ್ಯೋ, ಅದೆಲ್ಲ ಯಜಮಾನರ ಡಿಪಾರ್ಟ್‌ಮೆಂಟು’ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ, 2023ರ ದೀಪಾವಳಿಯವರೆಗೆ.

ನಮ್ಮದು ಏಳು ಸೀಟಿನ ಕಾರು. 2019ರಲ್ಲಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡಿದ್ದು. ಹೆಚ್ಚು ಓಡಿರಲಿಲ್ಲ, ಟೈರ್‌ಗಳ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ‘ಹೊಸದರ ಹಾಗೇ ಇದೆ’ ಅಂತ ಎಲ್ಲರೂ ಅಂದಿದ್ದರು. ಅತ್ತೆ, ಮಾವ, ನಾವಿಬ್ಬರು, ಮಕ್ಕಳಿಬ್ಬರು, ಜೊತೆಗೆ ನಾದಿನಿ. ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆಗೆ ಹೊರಟಿದ್ದೆವು. ಬೀರೂರು ದಾಟಿ ಸ್ವಲ್ಪ ದೂರ ಹೋಗಿರಬಹುದು, ಪಟಾಕಿ ಸಿಡಿದ ಹಾಗೆ ಸದ್ದು. ಕಾರು ಎಡಕ್ಕೆ ಬಲಕ್ಕೆ ತೂಗಾಡಿತು. ಆಗಷ್ಟೇ ಒಂದು ಹಂಪ್ ದಾಟಿದ್ದರಿಂದ ವೇಗ ಕಡಿಮೆ ಇತ್ತು. ಯಜಮಾನರು ಬ್ರೇಕ್ ಅದುಮದೆ ಸ್ಟೇರಿಂಗ್ ನೇರವಾಗಿ ಹಿಡಿದು ಪಕ್ಕಕ್ಕೆ ತಂದರು. ಇಲ್ಲವಾಗಿದ್ದರೆ? ಇವತ್ತಿಗೂ ನೆನೆದರೆ ಕೈ ತಣ್ಣಗಾಗುತ್ತದೆ.

ಹಿಂದಿನ ಎಡಗಡೆಯ ಟೈರ್ ಚಿಂದಿಯಾಗಿತ್ತು. ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ! ದಾರಿಯಲ್ಲಿ ಬಂದ ಟೆಂಪೊದವರೊಬ್ಬರು ಪುಣ್ಯಾತ್ಮರು, ಅದನ್ನು ಒಯ್ದು ಗಾಳಿ ತುಂಬಿಸಿ ತಂದುಕೊಟ್ಟರು. ಊರು ಸಿಕ್ಕ ಮೇಲೆ ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಸಿಡಿದ ಟೈರನ್ನು ತಿರುಗಿಸಿ ನಾಲ್ಕು ಅಂಕಿ ತೋರಿಸಿದರು: 1115. ‘ಇದು 2015ನೇ ಇಸವಿಯ ಟೈರಮ್ಮ, ಎಂಟೂವರೆ ವರ್ಷದ ಮುದುಕ. ಇದರ ಮೇಲೆ ಏಳು ಜನ ಕೂತಿದ್ದೀರಿ. ಗಾಳಿ ಎಷ್ಟಿತ್ತು?’ ನಾವು ಮುಖ ಮುಖ ನೋಡಿಕೊಂಡೆವು. ‘ಭಾರ ಹೊರೋದು ರಬ್ಬರ್ ಅಲ್ಲ, ಒಳಗಿರೋ ಗಾಳಿ’ ಅಂದರು ಅವರು.

ಅವತ್ತು ಕಲಿತದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು. ಯಾಕೆಂದರೆ ಕಾರಿನಲ್ಲಿ ಎಷ್ಟು ಜನ, ಎಷ್ಟು ಸಾಮಾನು ಅನ್ನುವ ಲೆಕ್ಕ ಮನೆಯಲ್ಲಿ ಸರಿಯಾಗಿ ಗೊತ್ತಿರುವುದು ನಮಗೇ. ಟೈರ್ ಆರಿಸಲು ಮುಖ್ಯವಾಗಿ ಬೇಕಾದದ್ದೂ ಅದೇ ಲೆಕ್ಕ.

ಮೈಮೇಲೆಯೇ ಬರೆದಿದೆ

ಸೀರೆ ಕೊಳ್ಳುವಾಗ ಸೆರಗು, ಅಂಚು, ನೇಯ್ಗೆ ಎಲ್ಲ ನೋಡುತ್ತೀರಲ್ಲ, ಟೈರಿಗೂ ಹಾಗೇ ನೋಡಬೇಕು. ಅದರ ಪಕ್ಕದ ಗೋಡೆಯ ಮೇಲೆ ಪೂರ್ತಿ ಜಾತಕ ಬರೆದಿರುತ್ತದೆ. ಉದಾಹರಣೆಗೆ 185/65 ಆರ್ 15 88 ಎಚ್.

ಇದರಲ್ಲಿ 185 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65ರಷ್ಟು. ಆರ್ ಅಂದರೆ ರೇಡಿಯಲ್. 15 ಅಂದರೆ ಅದು ಕೂರುವ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಇಷ್ಟನ್ನು ಅಂಗಡಿಯವರು ಸರಿಯಾಗಿಯೇ ನೋಡುತ್ತಾರೆ. ನಾವು ಕಣ್ಣಿಡಬೇಕಾದದ್ದು ಕೊನೆಯ ಎರಡರ ಮೇಲೆ.

88 ಅನ್ನುವುದು ಭಾರದ ಸಂಕೇತ. 88 ಕಿಲೋ ಅಂತಲ್ಲ! ಅದಕ್ಕೊಂದು ಕೋಷ್ಟಕವಿದೆ. 82 ಅಂದರೆ 475 ಕಿಲೋ, 84 ಅಂದರೆ 500, 88 ಅಂದರೆ 560, 92 ಅಂದರೆ 630 ಕಿಲೋ. ಒಂದು ಟೈರ್ ಹೊರಬಹುದಾದ ಗರಿಷ್ಠ ಭಾರ ಅದು. ಎಚ್ ಅನ್ನುವುದು ವೇಗದ ಸಂಕೇತ. ಎಸ್ ಅಂದರೆ ಗಂಟೆಗೆ 180 ಕಿ.ಮೀ., ಟಿ ಅಂದರೆ 190, ಎಚ್ ಅಂದರೆ 210. ಅಷ್ಟು ಜೋರಾಗಿ ಯಾರು ಓಡಿಸುತ್ತಾರೆ ಅನ್ನಬೇಡಿ. ಆ ವೇಗದಲ್ಲಿ ಹುಟ್ಟುವ ಬಿಸಿಯನ್ನು ತಡೆಯುವ ಶಕ್ತಿ ಟೈರಿಗಿದೆ ಅಂತ ಅದರ ಅರ್ಥ. ಹೊಸ ಟೈರಿನಲ್ಲಿ ಈ ಎರಡೂ ಕಾರಿನ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ಭಾರದ ಲೆಕ್ಕ ಹಾಕೋಣ

ಖಾಲಿ ಕಾರು ಸುಮಾರು 1200 ಕಿಲೋ ಅಂತಿಟ್ಟುಕೊಳ್ಳಿ. ಏಳು ಜನ, ತಲಾ 60 ಕಿಲೋ ಅಂದರೆ 420. ಡಿಕ್ಕಿ ಮತ್ತು ಕ್ಯಾರಿಯರ್ ಸೇರಿ 100 ಕಿಲೋ. ಒಟ್ಟು 1720 ಕಿಲೋ. ನಾಲ್ಕು ಟೈರ್ ತಲಾ 560 ಅಂದರೆ 2240. ‘ಬೇಕಾದಷ್ಟಾಯಿತಲ್ಲ!’ ಅನ್ನಿಸುತ್ತದೆ. ಆದರೆ ಭಾರ ನಾಲ್ಕಕ್ಕೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಹಿಂದಿನ ಸೀಟು, ಡಿಕ್ಕಿ ತುಂಬಿದಷ್ಟೂ ಹಿಂದಿನ ಟೈರ್‌ಗಳ ಮೇಲೆ ಹೊರೆ ಬೀಳುತ್ತದೆ. ತಿರುವಿನಲ್ಲಿ ಒಂದೇ ಪಕ್ಕಕ್ಕೆ, ಬ್ರೇಕ್ ಹಾಕಿದಾಗ ಮುಂದಕ್ಕೆ, ಹೀಗೆ ಓಡಾಡುತ್ತಿರುತ್ತದೆ. ಮೇಲಾಗಿ ಆ 560 ಕಿಲೋ ಶಕ್ತಿ ಇರುವುದು ಗಾಳಿ ಸರಿಯಾಗಿ ತುಂಬಿದ್ದರೆ ಮಾತ್ರ. ಆದ್ದರಿಂದ ಆ ಅಂತರ ಐಷಾರಾಮವಲ್ಲ, ಅವಶ್ಯಕತೆ.

ಊರಿನಿಂದ ಬಂದ ಮೇಲೆ ನಾಲ್ಕೂ ಟೈರ್ ಬದಲಿಸಲು ಹೋದಾಗ ಒಂದು ಅಂಗಡಿಯಲ್ಲಿ ನಮಗೆ ಹೇಳಿದರು: ‘ನಿಮ್ಮ ಸೈಜು ಸ್ಟಾಕ್ ಇಲ್ಲ, 175/65 ಆರ್ 15 ಇದೆ. ಇದೇ ರಿಮ್ಮಿಗೆ ಕೂರುತ್ತೆ, ರೇಟೂ ಕಮ್ಮಿ.’ ನಾನು ಬಗ್ಗಿ ನೋಡಿದರೆ ಅದರ ಮೇಲೆ 84 ಅಂತಿತ್ತು. ಅಂದರೆ ಪ್ರತಿ ಚಕ್ರಕ್ಕೂ 60 ಕಿಲೋ ನಷ್ಟ, ಒಬ್ಬೊಬ್ಬ ದೊಡ್ಡವರ ತೂಕ! ಬೇಡವೆಂದು ಬಂದುಬಿಟ್ಟೆವು. ನೀವೂ ಹೀಗೆ ಕೇಳಿದರೆ ಅಂಗಡಿಯವರು ಮೊದಲು ಯಜಮಾನರ ಮುಖ ನೋಡುತ್ತಾರೆ. ನೋಡಲಿ ಬಿಡಿ.

ಸದಾ ಕಾರು ತುಂಬಿಸಿಕೊಂಡೇ ಓಡಾಡುವವರಾದರೆ ಅದೇ ಸೈಜಿನಲ್ಲಿ ‘ಎಕ್ಸ್‌ಎಲ್’ ಅಂತ ಬರೆದ ಗಟ್ಟಿ ಟೈರ್ ಸಿಗುತ್ತದೆಯೇ ಕೇಳಿ. ಎಕ್ಸ್‌ಟ್ರಾ ಲೋಡ್ ಅಂತ ಅದರ ಅರ್ಥ. ಆದರೆ ಅದರ ಹೆಚ್ಚಿನ ಶಕ್ತಿ ಬಳಕೆಗೆ ಬರುವುದು ಗಾಳಿಯನ್ನೂ ಹೆಚ್ಚು ತುಂಬಿಸಿದಾಗ ಮಾತ್ರ. ಇನ್ನೊಂದು ಮಾತು. ಗಟ್ಟಿ ಟೈರ್ ಹಾಕಿದ ಮಾತ್ರಕ್ಕೆ ಕಾರಿಗೆ ಹೆಚ್ಚು ಹೇರಬಹುದು ಅಂತಲ್ಲ. ಸ್ಪ್ರಿಂಗು, ಆಕ್ಸೆಲ್, ಬ್ರೇಕು ಎಲ್ಲ ಹಳೆಯವೇ ತಾನೇ?

ಗೆರೆ ಇದ್ದರೆ ಸಾಲದು

ಗೆರೆ ಎಷ್ಟಿರಬೇಕು? ಕಾರಿನ ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ ಅನ್ನುತ್ತದೆ ನಮ್ಮ ಮೋಟಾರು ವಾಹನ ನಿಯಮ. ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂತೆಂದರೆ ಅದರ ಆಯಸ್ಸು ಮುಗಿಯಿತು. ಆದರೆ ಮಲೆನಾಡು, ಕರಾವಳಿ ಕಡೆಗೆ ಮಳೆಯಲ್ಲಿ ಓಡಾಡುವವರು ಅಲ್ಲಿಯವರೆಗೂ ಕಾಯಬೇಡಿ. 3 ಮಿ.ಮೀ.ಗೆ ಇಳಿದಾಗಲೇ ಬದಲಿಸುವುದು ಜಾಣತನ. ಗೆರೆಗಳ ಕೆಲಸವೇ ನೀರನ್ನು ಆಚೆ ತಳ್ಳುವುದು. ಅವು ಸವೆದರೆ ಟೈರ್ ನೀರಿನ ಮೇಲೆ ತೇಲಿ ಜಾರುತ್ತದೆ.

ಗೆರೆ ಚೆನ್ನಾಗಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ. ಅಡುಗೆಮನೆಯ ಕುಕ್ಕರ್ ಗ್ಯಾಸ್ಕೆಟ್ ನೋಡಿಲ್ಲವೇ, ಬಳಸದೆ ಇಟ್ಟರೂ ಬಿರುಸಾಗಿ ಬಿರುಕು ಬಿಡುವುದಿಲ್ಲವೇ? ಬಿಸಿಲು, ಬಿಸಿ, ಗಾಳಿ ಸೇರಿ ಟೈರನ್ನೂ ಹಾಗೇ ಮಾಡುತ್ತವೆ. ಅದಕ್ಕೇ ಕಡಿಮೆ ಓಡಿದ ಕಾರಿನ ಟೈರೇ ಹೆಚ್ಚು ಮೋಸ ಮಾಡುವುದು. ‘ಡಿಒಟಿ’ ಅಂತ ಇಂಗ್ಲಿಷಿನಲ್ಲಿ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಹುಡುಕಿ. ಮೊದಲ ಎರಡು ವಾರ, ನಂತರದ ಎರಡು ವರ್ಷ. 2324 ಅಂದರೆ 2024ರ 23ನೇ ವಾರ. ಒಂದು ಪಕ್ಕ ಕಾಣದಿದ್ದರೆ ಇನ್ನೊಂದು ಪಕ್ಕ ನೋಡಿ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಬೇಕು. ಆರು ವರ್ಷಕ್ಕೇ ಬದಲಿಸಿ ಅನ್ನುವ ಕಾರು ಕಂಪನಿಗಳೂ ಇವೆ. ಪಕ್ಕದ ಗೋಡೆಯಲ್ಲಿ ಬಿರುಕು, ಉಬ್ಬು ಕಂಡರಂತೂ ವಯಸ್ಸು ಕೇಳಲೇಬೇಡಿ, ತೆಗೆಸಿ.

ಅಂಗಡಿಗೆ ಹೋದಾಗ

ಹೊಸ ಟೈರಿನ ವಾರ–ವರ್ಷ ಮೊದಲು ನೋಡಿ. ಆರು ತಿಂಗಳೊಳಗಿನದಾದರೆ ಒಳ್ಳೆಯದು. ವರ್ಷ ದಾಟಿದ್ದರೆ ‘ಬೇರೆ ಕೊಡಿ’ ಅನ್ನಲು ಸಂಕೋಚ ಬೇಡ. ಬ್ರೆಡ್ಡಿನ ಡೇಟ್ ನೋಡುವ ನಮಗೆ ಇದೇನು ಕಷ್ಟ? ಐಎಸ್‌ಐ ಗುರುತು ಇರಲೇಬೇಕು. ಪಾಲಿಶ್ ಬಳಿದು ಹೊಳೆಯುವ ಸೆಕೆಂಡ್‌ಹ್ಯಾಂಡ್ ಟೈರ್ ಎಷ್ಟೇ ಅಗ್ಗವಾದರೂ ಬೇಡ.

‘ಅಗಲದ್ದು ಹಾಕಿಸಿ ಮೇಡಂ, ಲುಕ್ ಬರುತ್ತೆ’ ಅಂದರೆ ಮಗ ಕುಣಿಯಬಹುದು. ಮೈಲೇಜ್ ಇಳಿಯುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಟೈರ್ ಒಳಗಡೆ ಉಜ್ಜಲೂಬಹುದು. ಕಂಪನಿ ಹೇಳಿದ ಸೈಜಿಗೇ ಅಂಟಿಕೊಳ್ಳಿ.

ನಾಲ್ಕಕ್ಕೂ ಒಮ್ಮೆಲೇ ದುಡ್ಡು ಹೊಂದಿಸುವುದು ಕಷ್ಟವೇ? ಎರಡು ಬದಲಿಸಿ. ಆದರೆ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರ ಜಾರಿದರೆ ಕಾರು ನೇರವಾಗಿ ಜಾರುತ್ತದೆ, ಚಾಲಕರಿಗೆ ತಕ್ಷಣ ಗೊತ್ತಾಗುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಟೈರ್ ಹಾಕಿಸುವಾಗಲೇ ಹೊಸ ವಾಲ್ವ್, ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿಬಿಡಿ.

ಬಿಲ್ ಮರೆಯಬೇಡಿ, ಗ್ಯಾರಂಟಿಗೆ ಅದೇ ಆಧಾರ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್‌ನಲ್ಲಿ ಅದನ್ನೂ ನೋಡಿಕೊಳ್ಳಿ.

ಕೊನೆಗೆ ಗಾಳಿಯ ಮಾತು

ಒಳ್ಳೆಯ ಟೈರ್ ಹಾಕಿಸಿ ಗಾಳಿ ಮರೆತರೆ ಎಲ್ಲ ವ್ಯರ್ಥ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಕಾಯುತ್ತದೆ. ಭಾರ, ವೇಗ, ಬಿಸಿಲು ಮೂರೂ ಸೇರಿದರೆ ಸಿಡಿಯುತ್ತದೆ. ನಮಗೆ ಆದದ್ದೂ ಇದೇ. ಮುದಿ ಟೈರಿಗೆ ಊರೊಳಗೆ ಇಬ್ಬರು ಓಡಾಡುವಷ್ಟೇ ಗಾಳಿ ತುಂಬಿಸಿ ಏಳು ಜನ ಹೊರಟಿದ್ದೆವು.

ಚಾಲಕರ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಎಷ್ಟು ಜನರಿಗೆ ಎಷ್ಟು ಪಿಎಸ್‌ಐ ಅಂತ ಅದರಲ್ಲಿದೆ, ಇಲ್ಲವಾದರೆ ಕೈಪಿಡಿಯಲ್ಲಿದೆ. ಪೂರ್ತಿ ಭಾರಕ್ಕೆ ಬೇರೆ ಅಂಕಿ ಕೊಟ್ಟಿದ್ದರೆ ಹೊರಡುವ ದಿನ ಅದನ್ನೇ ಪಾಲಿಸಿ, ಮರಳಿ ಬಂದ ಮೇಲೆ ಇಳಿಸಿ. ಟೈರಿನ ಮೇಲೆ ಬರೆದ ‘ಮ್ಯಾಕ್ಸ್’ ಅಂಕಿ ಗರಿಷ್ಠ ಮಿತಿ, ಸಲಹೆಯಲ್ಲ. ಕಾರು ಮೂರು ಗಂಟೆಯಾದರೂ ನಿಂತು ಟೈರ್ ತಣ್ಣಗಿರುವಾಗ ಅಳೆಯಬೇಕು. ಓಡಿ ಬಿಸಿಯಾದಾಗ ಒತ್ತಡ ಏರುವುದು ಸಹಜ, ಆಗ ಗಾಳಿ ಬಿಡಿಸಬೇಡಿ. ಇನ್ನು ನೈಟ್ರೋಜನ್? ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ಅದೇ ಇದೆ! ಹಾಕಿಸಿದರೆ ಒತ್ತಡ ನಿಧಾನವಾಗಿ ಇಳಿಯುತ್ತದೆ ಅಷ್ಟೆ. ಪರೀಕ್ಷೆ ತಪ್ಪುವುದಿಲ್ಲ.

ನೆನಪಿರಲಿ

* ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮುಂಚೆ ತಪ್ಪದೆ ಗಾಳಿ ನೋಡಿಸಿ. ಸ್ಟೆಪ್ನಿಯನ್ನು ಸೇರಿಸಿ ಐದು ಟೈರ್, ನಾಲ್ಕಲ್ಲ!
* ಕಾರಿನಲ್ಲಿ ಸ್ಟೆಪ್ನಿ ಇದೆಯೇ ಅಂತಲೇ ನೋಡಿ. ಪಂಕ್ಚರ್ ಕಿಟ್, ಗಾಳಿಯ ಒತ್ತಡ ತಿಳಿಸುವ ಸಾಧನ ಇರುವ ಕಾರುಗಳಿಗೆ 2020ರ ನಿಯಮದಂತೆ ಸ್ಟೆಪ್ನಿ ಕಡ್ಡಾಯವಲ್ಲ.
* ಸ್ಟೆಪ್ನಿ ಸೈಜಿನಲ್ಲಿ ಚಿಕ್ಕದಿದ್ದರೆ ಅದರ ಮೇಲೆ ಬರೆದ ವೇಗದ ಮಿತಿ ಮೀರಬೇಡಿ. ಪಂಕ್ಚರ್ ಅಂಗಡಿಯವರೆಗೆ ಮಾತ್ರ ಅದರ ಸೇವೆ.
* ಹೊಸ ಟೈರ್ ಹಾಕಿಸಿದ ಮೊದಲ ಇನ್ನೂರು ಕಿ.ಮೀ. ನಿಧಾನ. ಅದರ ಮೈ ಇನ್ನೂ ನುಣುಪು.
* ಓಡುವಾಗ ಟೈರ್ ಸಿಡಿದರೆ ಬ್ರೇಕ್ ಅದುಮಬೇಡಿ. ಸ್ಟೇರಿಂಗ್ ಗಟ್ಟಿಯಾಗಿ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ.
* ಭಾರದ ಸಾಮಾನು ಡಿಕ್ಕಿಯ ತಳದಲ್ಲಿ, ಸೀಟಿಗೆ ಒತ್ತಿ ಇಡಿ. ಕ್ಯಾರಿಯರ್ ಮೇಲೆ ಹಗುರಾದದ್ದು ಮಾತ್ರ.

ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದಲ್ಲೇ ‘ಗಾಳಿ’ ಅಂತ ಬರೆದಿರುತ್ತೇನೆ. ಒತ್ತಡ ಅಳೆಯುವ ಪುಟ್ಟ ಮೀಟರ್ ಒಂದನ್ನು ಕೆಲವು ನೂರು ರೂಪಾಯಿಗೆ ತಂದಿಟ್ಟಿದ್ದೇವೆ. ಅಳೆಯುವ ಕೆಲಸ ಮಗನದು, ಬರೆದುಕೊಳ್ಳುವ ಕೆಲಸ ಮಗಳದು. ಊರಿಗೆ ಹೊರಡುವಾಗ ಅತ್ತೆ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಡುತ್ತಾರೆ. ಇಡಲಿ, ನಾನು ಬೇಡ ಅನ್ನುವುದಿಲ್ಲ. ಅದಕ್ಕೂ ಮುಂಚೆ ಬಗ್ಗಿ ಆ ನಾಲ್ಕು ಅಂಕಿ ನೋಡಿರುತ್ತೇನೆ.

ಈ ಭಾನುವಾರ ನೀವೂ ಒಮ್ಮೆ ಕೆಳಗಿಳಿದು ನಿಮ್ಮ ಕಾರಿನ ಟೈರಿನ ವಯಸ್ಸು ನೋಡಿಬನ್ನಿ. ಎಷ್ಟಿದೆ?