ರಾಯಭಾರಿಯಲ್ಲದವನ ರಾಯಭಾರ

ಅನ್ಯದೇಶದ ಪ್ರಭುಗಳೊಡನೆ ಸಂಧಿವಿಗ್ರಹಗಳ ಮಾತನ್ನಾಡುವ ಅಧಿಕಾರವು ಯಾರಿಗುಂಟು ಎಂಬ ಪ್ರಶ್ನೆ ಪುರಾತನವಾದುದು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ದೂತರನ್ನು ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು. ಮೊದಲನೆಯವನಿಗೆ ಕಾರ್ಯನಿರ್ಣಯದ ಸ್ವಾತಂತ್ರ್ಯವುಂಟು, ಎರಡನೆಯವನಿಗೆ ಮೇರೆಯುಂಟು, ಮೂರನೆಯವನು ಓಲೆಯನ್ನೊಯ್ಯುವವನು ಮಾತ್ರ. ಆದರೆ ಅರಸನ ಓಲೆಯಾಗಲಿ ಅಪ್ಪಣೆಯಾಗಲಿ ಇಲ್ಲದೆ, ಕೇವಲ ಲೋಕಹಿತವನ್ನು ಬಯಸಿ ಹೊರಟ ಪ್ರಜೆಯನ್ನು ಯಾವ ವರ್ಗಕ್ಕೆ ಸೇರಿಸಬೇಕು? ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆಯಿಂದ ಒಂದು ಶಾಸನವೇ ಹುಟ್ಟಿತು.

1798ರಲ್ಲಿ ಆ ದೇಶಕ್ಕೂ ಫ್ರಾನ್ಸಿಗೂ ವೈಮನಸ್ಯವು ಬೆಳೆದು ಸಮುದ್ರದಲ್ಲಿ ಹಡಗುಗಳ ಸೆರೆ ನಡೆದಿದ್ದಿತು. ಸರ್ಕಾರದ ದೂತರು ಬರಿಗೈಯಲ್ಲಿ ಮರಳಿದ್ದರು. ಆಗ ಪೆನ್ಸಿಲ್ವೇನಿಯಾದ ಜಾರ್ಜ್ ಲೋಗನ್ ಎಂಬ ವೈದ್ಯನು, ಯುದ್ಧವನ್ನು ಪಾಪವೆಂದೆಣಿಸುವ ಕ್ವೇಕರ್ ಪಂಥದಲ್ಲಿ ಬೆಳೆದವನು, ಸ್ವಂತ ವೆಚ್ಚದಿಂದ ಪ್ಯಾರಿಸ್ಸಿಗೆ ತೆರಳಿ ವಿದೇಶಾಂಗ ಸಚಿವ ತಾಲೆರಾನನನ್ನು ಕಂಡನು. ಆತನ ಬಳಿ ಇದ್ದುದು ಜೆಫರ್‌ಸನ್ ಮೊದಲಾದವರ ಪರಿಚಯಪತ್ರ ಮಾತ್ರ. ಫ್ರಾನ್ಸು ಅಮೆರಿಕದ ಹಡಗುಗಳ ಮೇಲಿನ ನಿರ್ಬಂಧವನ್ನು ತೆಗೆದು ಸೆರೆಯಲ್ಲಿದ್ದ ನಾವಿಕರನ್ನು ಬಿಡಿಸಿತು. ಫ್ರಾನ್ಸಿನ ಮನಸ್ಸು ಮೊದಲೇ ಸಂಧಿಯತ್ತ ವಾಲಿದ್ದುದರಿಂದ ಕೀರ್ತಿಯೆಲ್ಲವನ್ನೂ ಲೋಗನ್ನನಿಗೇ ಕೊಡುವುದು ಉಚಿತವಾಗದು. ಆದರೂ ಸ್ವದೇಶದಲ್ಲಿ ಅವನಿಗೆ ದೊರೆತುದು ಆಕ್ಷೇಪಣೆ. ಜಾರ್ಜ್ ವಾಷಿಂಗ್ಟನ್ನನೇ ಅವನನ್ನು ಔದಾಸೀನ್ಯದಿಂದ ಕಂಡನು. ಆಡಳಿತ ಪಕ್ಷದವರು 1799ರ ಜನವರಿ 30ರಂದು ಅವನ ಹೆಸರಿನಿಂದಲೇ ಪ್ರಸಿದ್ಧವಾದ ಶಾಸನವನ್ನು ತಂದರು. ಕೃತ್ಯವು ಶಾಸನಕ್ಕಿಂತ ಹಿಂದಿನದಾದುದರಿಂದ ಅವನು ದಂಡಕ್ಕೆ ಗುರಿಯಾಗಲಿಲ್ಲ.

ಸರ್ಕಾರದ ಅಧಿಕಾರವಿಲ್ಲದೆ ಅಮೆರಿಕದ ಪ್ರಜೆಯು, ತನ್ನ ದೇಶದೊಡನೆ ವಿವಾದವುಳ್ಳ ಪರರಾಷ್ಟ್ರದ ನಡೆಯನ್ನು ತಿದ್ದಬೇಕೆಂಬ ಅಥವಾ ತನ್ನ ಸರ್ಕಾರದ ಕ್ರಮಗಳನ್ನು ಕೆಡಿಸಬೇಕೆಂಬ ಉದ್ದೇಶದಿಂದ, ಆ ರಾಷ್ಟ್ರದೊಡನೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವ್ಯವಹರಿಸುವುದು ಅಪರಾಧ; ಮೂರು ವರ್ಷಗಳವರೆಗೆ ಸೆರೆವಾಸವುಂಟು. ಸ್ವಂತಕ್ಕಾದ ಹಾನಿಗೆ ಪರಿಹಾರ ಬೇಡುವುದು ಮಾತ್ರ ನಿಷಿದ್ಧವಲ್ಲ. ಇಲ್ಲಿ ಉದ್ದೇಶವೆಂಬ ಮಾತೇ ಗಹನವಾದುದು. ಮನಸ್ಸಿನೊಳಗಿನದನ್ನು ಸಾಕ್ಷಿಯಿಂದ ತೋರಿಸುವುದು ಸುಲಭವೇ?

ಶಾಸನದ ಚರಿತ್ರೆ ವಿಚಿತ್ರವಾದುದು. 1803ರಲ್ಲಿ ಕೆಂಟುಕಿಯ ರೈತನೊಬ್ಬನ ಮೇಲೆ, ಫ್ರಾನ್ಸಿನೊಡನೆ ಮೈತ್ರಿಯುಳ್ಳ ಪ್ರತ್ಯೇಕ ರಾಜ್ಯವು ಬೇಕೆಂದು ಬರೆದುದಕ್ಕಾಗಿ, ಆರೋಪವು ದಾಖಲಾಯಿತು, ವಿಚಾರಣೆ ನಡೆಯಲಿಲ್ಲ. 1852ರಲ್ಲಿ ಮೆಕ್ಸಿಕೋದ ಅಧ್ಯಕ್ಷನಿಗೆ ಪತ್ರ ಬರೆದ ಜೋನಾಸ್ ಲೆವಿಯ ಮೇಲಿನ ಮೊಕದ್ದಮೆಯೂ ಮೂಲಪತ್ರವು ದೊರೆಯದೆ ಬಿದ್ದುಹೋಯಿತು. ಶಿಕ್ಷೆ ಮಾತ್ರ ಯಾರಿಗೂ ಆಗಿಲ್ಲ. 1964ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಶಾಸನದ ಶಬ್ದಗಳು ಅಸ್ಪಷ್ಟವೆಂಬ ಸಂಶಯವನ್ನೂ ಸೂಚಿಸಿತು. 1984ರಲ್ಲಿ ಪಾದ್ರಿ ಜೆಸ್ಸಿ ಜಾಕ್ಸನ್ ಸಿರಿಯಾಕ್ಕೆ ಹೋಗಿ ಸೆರೆಯಲ್ಲಿದ್ದ ವಿಮಾನಯೋಧನನ್ನು ಬಿಡಿಸಿ ತಂದಾಗ ಅಧ್ಯಕ್ಷ ರೇಗನ್ ಶಾಸನದ ಸೊಲ್ಲೆತ್ತದೆ ಶ್ವೇತಭವನದಲ್ಲಿ ಅವರನ್ನು ಸ್ವಾಗತಿಸಿದರು. ಫಲವು ಶುಭವಾದಾಗ ಅಧಿಕಾರಪತ್ರವನ್ನು ಯಾರೂ ಕೇಳುವುದಿಲ್ಲವೆಂದು ತೋರುತ್ತದೆ.

ಭಾರತದ ಸಂವಿಧಾನದ ಏಳನೆಯ ಅನುಸೂಚಿಯು ವಿದೇಶ ವ್ಯವಹಾರವನ್ನೂ ಒಪ್ಪಂದಗಳನ್ನೂ ಕೇಂದ್ರದ ಪಟ್ಟಿಯಲ್ಲಿರಿಸಿದೆ.

ಲೋಗನ್ನನಾದರೋ 1801ರಿಂದ 1807ರವರೆಗೆ ಸೆನೆಟ್ಟಿನ ಸದಸ್ಯನಾಗಿದ್ದನು. ತನ್ನ ಹೆಸರಿನ ಶಾಸನವು ಜಾರಿಯಲ್ಲಿದ್ದಾಗಲೇ 1810ರಲ್ಲಿ ಯುದ್ಧವನ್ನು ತಪ್ಪಿಸಲೆಂದು ಇಂಗ್ಲೆಂಡಿಗೆ ಪಯಣಿಸಿದನು. ಅವನನ್ನು ಯಾರೂ ನ್ಯಾಯಾಲಯಕ್ಕೆಳೆಯಲಿಲ್ಲ. ಯುದ್ಧವು 1812ರಲ್ಲಿ ನಡೆದೇ ನಡೆಯಿತು.